ಬಸ್ಸಾದರೆ ಕೈ ಅಡ್ಡ ಹಿಡಿಯಬಹುದಿತ್ತು

ಹುಳಿಯಾರು ಸೀಮೆಯವರಿಗೆ ನಡುದಾರಿಯಲ್ಲಿ ಗಾಡಿ ಬದಲಾಯಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಊರಿಗೆ ರೈಲಿಲ್ಲ. ತುರುವೇಕೆರೆಯ ಬೀಗರ ಮನೆಗೆ ಹೊರಟವರು ಚಿಕ್ಕನಾಯಕನಹಳ್ಳಿ ದಾಟಿ ಕೆ.ಬಿ. ಕ್ರಾಸ್‌ನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವುದು ರೂಢಿ. ಕಿಬ್ಬನಹಳ್ಳಿ ಕ್ರಾಸ್ ಎಂಬ ಪೂರ್ತಿ ಹೆಸರು ಬೋರ್ಡಿಗೆ ಮಾತ್ರ. ತುಮಕೂರು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹೀಗೆ ನಾಲ್ಕು ದಿಕ್ಕಿನ ಜನ ಅಲ್ಲಿ ಇಳಿದು, ಒಂದು ಟೀ ಕುಡಿದು, ಬಂದ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾರೆ. ಒಂದು ತಪ್ಪಿದರೆ ಇನ್ನೊಂದು ಬರುತ್ತದೆ. ಹೊರಟ ಬಸ್ಸನ್ನೂ ‘ಹೋಲ್ಡಾನ್’ ಎಂದು ಕೂಗಿ ನಿಲ್ಲಿಸುವ ಪುಣ್ಯಾತ್ಮ ಒಳಗೆ ಒಬ್ಬನಾದರೂ ಇರುತ್ತಾನೆ.

ಈ ಅನುಭವದ ಧೈರ್ಯದ ಮೇಲೆಯೇ ಯಜಮಾನರು ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವುದು.

ಯಜಮಾನರೆಂದರೆ ಯಾರೋ ಒಬ್ಬರಲ್ಲ. ಈ ತೆಂಗಿನ ಸೀಮೆಯ ಊರೂರಲ್ಲೂ ಅವರಿದ್ದಾರೆ. ಮಗನೋ ಮಗಳೋ ಡಲ್ಲಾಸ್, ಚಿಕಾಗೊ ಕಡೆ ಕಂಪ್ಯೂಟರ್ ಕೆಲಸದಲ್ಲಿದ್ದು, ಅಲ್ಲೊಂದು ಮೊಮ್ಮಗು ಹುಟ್ಟಿರುತ್ತದೆ, ಇಲ್ಲವೇ ಹುಟ್ಟುವುದರಲ್ಲಿರುತ್ತದೆ. ತೋಟವನ್ನು ತಮ್ಮನ ಸುಪರ್ದಿಗೆ ಬಿಟ್ಟು, ರೇಟು ಏರುವ ತನಕ ಅಟ್ಟದ ಕಾಯಿ ಮುಟ್ಟಕೂಡದೆಂದು ತಾಕೀತು ಮಾಡಿ, ಗಂಡ ಹೆಂಡತಿ ಆರು ತಿಂಗಳ ಮಟ್ಟಿಗೆ ಹೊರಡುತ್ತಾರೆ. ಈ ವಯಸ್ಸಿನಲ್ಲಿ ಬೇಕಿತ್ತೇ ಎಂದು ಯಾರೂ ಕೇಳುವಂತಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರಂತೂ ತಮ್ಮ ಪ್ರವಾಸಕಥನಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದೇ ಹೆಸರಿಟ್ಟರು. ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗುವುದು ಕನ್ನಡಿಗರ ಮಟ್ಟಿಗೆ ಸಾಹಿತ್ಯಸಮ್ಮತ.

ಟಿಕೆಟ್ ತೆಗೆಯುವುದು ಮಾತ್ರ ಮಕ್ಕಳು. ಅವರಿಗೆ ದುಡ್ಡಿನ ಮೇಲೂ ಕಣ್ಣು, ಟೈಮಿನ ಮೇಲೂ ಕಣ್ಣು. “ಮಧ್ಯೆ ಒಂದು ಗಂಟೆ ಹತ್ತು ನಿಮಿಷ ಅಷ್ಟೇ ಅಪ್ಪಾಜಿ, ಕಾಯೋ ಗೋಳಿಲ್ಲ” ಎಂದು ಫೋನಿನಲ್ಲಿ ಹೇಳುವಾಗ ದನಿಯಲ್ಲಿ ಪಿತೃಭಕ್ತಿ ತುಂಬಿರುತ್ತದೆ. ಹಾಗೆಂದು ಕಂಪ್ಯೂಟರ್ ಮನಸ್ಸಿಗೆ ಬಂದಂತೆ ಟಿಕೆಟ್ ಕೊಡುವುದಿಲ್ಲ. ಪ್ರತಿ ನಿಲ್ದಾಣಕ್ಕೂ ಇಷ್ಟಕ್ಕಿಂತ ಕಡಿಮೆ ಬಿಡುವಿನಲ್ಲಿ ಎರಡು ವಿಮಾನಗಳನ್ನು ಜೋಡಿಸಬಾರದೆಂಬ ಲೆಕ್ಕವಿದೆ. ಮಿನಿಮಮ್ ಕನೆಕ್ಟಿಂಗ್ ಟೈಮ್ ಎನ್ನುತ್ತಾರೆ. ಫ್ರಾಂಕ್‌ಫರ್ಟ್‌ನಲ್ಲಿ ಅದು 45 ನಿಮಿಷ. ವಿಯೆನ್ನಾದವರಂತೂ 25 ನಿಮಿಷ ಸಾಕೆಂದು ಹೆಮ್ಮೆಪಡುತ್ತಾರೆ. ಕಾಗದದ ಮೇಲೆ ಒಂದು ಗಂಟೆ ಹತ್ತು ನಿಮಿಷವೆಂದರೆ ರಾಜಭೋಗ.

ಆದರೆ ಆ 45 ನಿಮಿಷವನ್ನು ಲೆಕ್ಕ ಹಾಕಿದವನ ಕಣ್ಣ ಮುಂದಿದ್ದವನು ಬೆನ್ನಿಗೊಂದು ಚೀಲ ಹಾಕಿಕೊಂಡ, ಇಂಗ್ಲಿಷ್ ಬೋರ್ಡು ಓದಬಲ್ಲ, ಮಂಡಿ ಸರಿಯಿರುವ ಆಸಾಮಿ. ವಿಮಾನ ನೆಲ ಮುಟ್ಟಿದ ಕೂಡಲೇ ಬಾಗಿಲು ತೆರೆಯುವುದಿಲ್ಲ. ಅದು ದೂರದಲ್ಲೆಲ್ಲೋ ನಿಂತರೆ ಮೆಟ್ಟಿಲಿಳಿದು, ಹತ್ತು ಗಂಟೆ ಆಕಾಶದಲ್ಲಿ ಹಾರಿ ಬಂದವರು ಮತ್ತೆ ಬಸ್ಸಿನಲ್ಲಿ ನಿಂತುಕೊಂಡು ಹೋಗಬೇಕು. ಒಂದನೇ ಟರ್ಮಿನಲ್ಲಿನಲ್ಲಿ ಎ, ಬಿ, ಸಿ ಆದಮೇಲೆ ನೇರವಾಗಿ ಝಡ್. ಈ ಝಡ್ ಇರುವುದು ಎ ವಿಭಾಗದ ಮೇಲಿನ ಅಂತಸ್ತಿನಲ್ಲಿ. ಅಲ್ಲಿಂದ ಬಿ ಕಡೆಗೆ ಹೋಗಲು ನೆಲದಡಿ ಸುರಂಗವಿದೆ, ಇಲ್ಲವೇ ಡ್ರೈವರಿಲ್ಲದ ಪುಟ್ಟ ರೈಲಿದೆ. ಡ್ರೈವರೇ ಇಲ್ಲದಿದ್ದರೆ ದಾರಿ ಕೇಳುವುದು ಯಾರನ್ನು?

“ಏನ್ರೀ, ಯಾವ ಕಡೀಕೆ ಹೋಗ್ಬೇಕು?”

“ಜನ ಎತ್ಲಾಗೆ ಹೋಯ್ತಾರೋ ಅತ್ಲಾಗೆ ಹೋಗಾಣ ಬಾ.”

ಕ್ರಾಸ್‌ನಲ್ಲಿ ಈ ಸೂತ್ರ ಎಂದೂ ಕೈಕೊಟ್ಟದ್ದಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಮುಂದೆ ಹೋಗುವ ಜನರಲ್ಲಿ ಅರ್ಧ ಮಂದಿ ಜರ್ಮನಿಯಲ್ಲೇ ಇಳಿಯುವವರು. ಅವರ ಬೆನ್ನು ಹಿಡಿದರೆ ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ನಿಂತು, ತಮ್ಮ ಸರದಿ ಬರುವ ಹೊತ್ತಿಗೆ “ನೀವು ಇಲ್ಲಿಗೆ ಬರಬೇಕಾಗಿರಲಿಲ್ಲ” ಎಂದು ಹೇಳಿಸಿಕೊಂಡು ವಾಪಸು ನಡೆಯಬೇಕಾಗುತ್ತದೆ. ಮೊದಲ ಇಪ್ಪತ್ತು ನಿಮಿಷ ಅಲ್ಲಿಗೆ ಸಂದಾಯ.

ಎರಡನೆಯ ಕಂತು ಸೆಕ್ಯೂರಿಟಿಯಲ್ಲಿ. ದೇವನಹಳ್ಳಿಯಲ್ಲಿ ಒಮ್ಮೆ ಜಡತಿ ಆಗಿದೆಯಲ್ಲ ಎಂದರೆ ನಡೆಯದು. ಬೆಂಗಳೂರಿನಿಂದ ಬಂದು ಅಮೆರಿಕಕ್ಕೆ ಹೊರಟವರ ಕೈಚೀಲವನ್ನು ಫ್ರಾಂಕ್‌ಫರ್ಟ್‌ನವರು ಇನ್ನೊಮ್ಮೆ ನೋಡುತ್ತಾರೆ. ಯಜಮಾನಿಯವರ ಚೀಲ ಟ್ರೇಯಲ್ಲಿ ಒಳಗೆ ಹೋಗುತ್ತದೆ, ಬೆಲ್ಟು ನಿಲ್ಲುತ್ತದೆ, ಕೈಗವಸು ತೊಟ್ಟ ಅಧಿಕಾರಿ ಚೀಲ ಬಿಚ್ಚುತ್ತಾನೆ. ಮೊದಲು ಹೊರಬರುವುದು ಗಾಣದ ಕೊಬ್ಬರಿ ಎಣ್ಣೆಯ ಸೀಸೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದರಿಂದ ವಿಮಾನದ ತಣ್ಣಗಿನ ಗಾಳಿಗೆ ಅದು ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಯಜಮಾನಿ ಸೀಸೆಯನ್ನು ತಲೆಕೆಳಗು ಮಾಡಿ, ಒಂದು ಹನಿಯೂ ಬೀಳದ್ದನ್ನು ತೋರಿಸಿ, ಇದು ದ್ರವವಲ್ಲ ಎಂದು ಸಾಧಿಸುತ್ತಾರೆ. ಅಧಿಕಾರಿ ಒಪ್ಪುವುದಿಲ್ಲ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಅದೇ ನವೆಂಬರಿನಿಂದ ಯುರೋಪಿನಲ್ಲಿ 100 ಮಿಲಿಲೀಟರಿನ ಮಿತಿ ಬಂತು. ಹೊಸ ಸ್ಕ್ಯಾನರ್ ಬಂದ ಕೆಲವು ಕಡೆ ಈಚೆಗೆ ಅದು ಸಡಿಲವಾಗುತ್ತಿದೆ. ಆದರೆ ಮಿತಿ ಇರುವ ಕಡೆ ಎಣ್ಣೆಯ ಜತೆಗೆ ತುಪ್ಪ, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು ಎಲ್ಲವೂ ಒಂದೇ ಪಂಕ್ತಿ.

ಗೊಜ್ಜು ಹೋಯಿತು, ಚಟ್ನಿಪುಡಿಯಾದರೂ ಉಳಿಯಿತಲ್ಲ ಎಂದುಕೊಂಡರೆ ಅದಕ್ಕೂ ಕಾನೂನಿದೆ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದ ಪುಡಿ 350 ಮಿಲಿಲೀಟರಿನ ಅಳತೆ ಮೀರಿದರೆ ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕೆಂಬ ನಿಯಮ 2018ರ ಜೂನ್ ಕೊನೆಯಿಂದ ಜಾರಿಯಲ್ಲಿದೆ. ಬ್ಯಾಡಗಿ ಮೆಣಸಿನಕಾಯಿ ಹಾಕಿ ಕುಟ್ಟಿದ ಪುಡಿಯ ಡಬ್ಬಿಯನ್ನು ಜರ್ಮನ್ ಅಧಿಕಾರಿ ಮೂಗಿನ ಹತ್ತಿರ ಒಯ್ದರೆ ಮುಂದಿನ ಐದು ನಿಮಿಷ ಅವನ ಸೀನಿಗೆ ಮೀಸಲು.

ಕೊಬ್ಬರಿಯ ಕತೆ ಇಷ್ಟು ದೂರವೂ ಬರುವುದಿಲ್ಲ, ದೇವನಹಳ್ಳಿಯಲ್ಲೇ ಮುಗಿಯುತ್ತದೆ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ಒಳಗಿನ ನೀರು ಬತ್ತಿ ಗಿಟುಕು ಲೊಟಲೊಟ ಎನ್ನುವ ತನಕ ಕಾದು, ಸುಲಿದು, ತಿಪಟೂರಿನ ಮಾರುಕಟ್ಟೆಗೆ ಹಾಕುವ ಉಂಡೆ ಕೊಬ್ಬರಿ ಈ ಸೀಮೆಯ ಬಂಗಾರ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ನಂಬರು ಕೊಟ್ಟು, ತಾನೇ ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ 4.2ನೇ ವರ್ಗದಲ್ಲಿ ಕೂರಿಸಿದ್ದಾರೆ. ಎಣ್ಣೆ ಹೆಚ್ಚು, ತೇವ ಸೇರಿದರೆ ಒಳಗೊಳಗೇ ಕಾವು ಏರುತ್ತದೆ ಎಂಬುದು ಕಾರಣ. ಆದ್ದರಿಂದ ಪ್ರಯಾಣಿಕರ ಲಗೇಜಿನಲ್ಲಿ ಅದಕ್ಕೆ ಜಾಗವಿಲ್ಲ. ವರ್ಷವಿಡೀ ಅದರ ಕೆಳಗೇ ಮಲಗಿದವರಿಗೆ ಈ ಮಾತು ನಂಬಿಸುವುದು ಕಷ್ಟ. “ಅಟ್ಟದ ತುಂಬ ಇಟ್ಕಂಡು ಮದುವೆ, ನಾಮಕರಣ ಎಲ್ಲಾ ಮಾಡಿದೀವಲ್ಲಪ್ಪ” ಎಂಬ ವಾದಕ್ಕೆ ಕೌಂಟರಿನ ಹುಡುಗಿಯ ಹತ್ತಿರ ಉತ್ತರವಿಲ್ಲ. ಆದರೂ ಕೊಬ್ಬರಿ ಕೆಳಗಿಳಿಯುತ್ತದೆ, ಬಿಡಲು ಬಂದ ಅಳಿಯನ ಕಾರಿನಲ್ಲಿ ಹುಳಿಯಾರಿಗೆ ಮರಳುತ್ತದೆ.

ಇನ್ನು ಗಡಿಯಾರ. ಯಜಮಾನರೊಬ್ಬರ ಕೈಯಲ್ಲಿದ್ದದ್ದು ಎಚ್‌ಎಂಟಿ. ಮುಚ್ಚಿಹೋದ ತುಮಕೂರಿನ ಕಾರ್ಖಾನೆಯದೆಂದು ಅದರ ಮೇಲೆ ವಿಶೇಷ ಮಮತೆ. ಅದರ ಮುಳ್ಳು ತಿರುಗಿಸುವುದೆಂದರೆ ಊರಿಗೆ ದ್ರೋಹ ಬಗೆದಂತೆ. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಬೋರ್ಡಿಂಗ್ ಪಾಸಿನಲ್ಲಿ 11:10 ಎಂದಿತ್ತು. ಇಳಿದು ನೋಡಿದರೆ ಎಚ್‌ಎಂಟಿಯೂ 11:10 ಎನ್ನುತ್ತಿದೆ! ಪಂಚೆಯಾಗಿದ್ದರೆ ಎತ್ತಿ ಕಟ್ಟುತ್ತಿದ್ದರು; ಪ್ಯಾಂಟಾದ್ದರಿಂದ ಹಾಗೆಯೇ ಓಡಿದರು, ಹಿಂದೆ ಯಜಮಾನಿ. ಏದುಸಿರು ಬಿಡುತ್ತಾ ಗೇಟಿಗೆ ಬಂದರೆ ಅಲ್ಲಿ ನೆಲ ಒರೆಸುವವನೊಬ್ಬ ಬಿಟ್ಟರೆ ನರಪಿಳ್ಳೆ ಇಲ್ಲ. ಗೋಡೆಯ ಗಡಿಯಾರದಲ್ಲಿ ಏಳು ನಲವತ್ತು. ಮೂರೂವರೆ ಗಂಟೆ ಬಿಡುವಿದ್ದೂ ಅಷ್ಟು ಓಡಿದವರು ಆ ನಿಲ್ದಾಣದಲ್ಲಿ ಬೇರೆ ಯಾರಿದ್ದಾರೋ.

ಇದರ ತದ್ವಿರುದ್ಧದವರೂ ಇದ್ದಾರೆ. ಒಂದೂ ಇಪ್ಪತ್ತಕ್ಕೆ ವಿಮಾನವೆಂದರೆ ಒಂದೂ ಹದಿನೈದಕ್ಕೆ ಎದ್ದು ನಿಲ್ಲುವವರು. ಗೇಟು ಕಾಲು ಗಂಟೆ, ಇಪ್ಪತ್ತು ನಿಮಿಷ ಮೊದಲೇ ಮುಚ್ಚಿರುತ್ತದೆ. ಬೋರ್ಡಿಂಗ್ ಪಾಸಿನ ಮೇಲೆ ಎಸ್ ಅಕ್ಷರ ಸಾಲಾಗಿ ನಾಲ್ಕು ಸಲ ಅಚ್ಚಾಗಿದ್ದರಂತೂ ಅಮೆರಿಕದವರು ಇವರನ್ನು ಹೆಚ್ಚಿನ ತಪಾಸಣೆಗೆ ಆರಿಸಿದ್ದಾರೆ ಎಂದರ್ಥ. ನಾಲ್ಕು ಸಲ ಶ್ರೀ ಬರೆದಿದ್ದಾರೆಂದು ಯಜಮಾನರು ಸಂತೋಷಪಟ್ಟರೆ ಅವರದು ತಪ್ಪಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಷೆಂಗೆನ್. ಅದೊಂದು ಹಳ್ಳಿ, ಲಕ್ಸೆಂಬರ್ಗ್ ದೇಶದಲ್ಲಿ ಮೊಸೆಲ್ ನದಿಯ ದಂಡೆಯಲ್ಲಿದೆ, ಹುಳಿಯಾರಿಗಿಂತ ಚಿಕ್ಕದು. 1985ರ ಜೂನ್ 14ರಂದು ಅಲ್ಲಿ ಹಡಗೊಂದರ ಮೇಲೆ ಐದು ದೇಶಗಳು ಸಹಿ ಹಾಕಿದ ಒಪ್ಪಂದದಲ್ಲಿ ಈಗ 29 ದೇಶಗಳಿವೆ. ಇವುಗಳ ನಡುವೆ ಗಡಿ ತಪಾಸಣೆ ಇಲ್ಲ, ತುಮಕೂರಿನಿಂದ ತಿಪಟೂರಿಗೆ ಹೋದ ಹಾಗೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ನೇರ ಡಲ್ಲಾಸ್ ಆದರೆ ಒಳಗೆ ಕಾಲಿಡುವ ಪ್ರಶ್ನೆಯೇ ಇಲ್ಲ. ಅಮೆರಿಕದ ವೀಸಾ ಇದ್ದವರಿಗೆ ಟ್ರಾನ್ಸಿಟ್ ವೀಸಾ ಮೊದಲಿನಿಂದಲೂ ಬೇಕಿರಲಿಲ್ಲ; 2026ರ ಜನವರಿಯಲ್ಲಿ ಜರ್ಮನಿಯ ಚಾನ್ಸಲರ್ ಮೆರ್ಜ್ ಭಾರತಕ್ಕೆ ಬಂದಾಗ ಅಲ್ಲಿನ ನಿಲ್ದಾಣಗಳಲ್ಲಿ ಭಾರತೀಯರೆಲ್ಲರಿಗೂ ಅದನ್ನು ಬಿಡುವ ಘೋಷಣೆಯಾಯಿತು. ಆದರೆ ನಾಲ್ಕು ಕಾಸು ಉಳಿಯುತ್ತದೆಂದು ಮಗ ಪ್ಯಾರಿಸ್‌ನಲ್ಲೊಮ್ಮೆ, ಫ್ರಾಂಕ್‌ಫರ್ಟ್‌ನಲ್ಲೊಮ್ಮೆ ಇಳಿಯುವ ಟಿಕೆಟ್ ತೆಗೆದನೋ, ನಡುವಿನ ಆ ಹಾರಾಟ ಅವರ ಮನೆಯೊಳಗಿನದು. ಅದಕ್ಕೆ ಪೂರ್ತಿ ಷೆಂಗೆನ್ ವೀಸಾ ಬೇಕು. ಎರಡು ಬೇರೆ ಬೇರೆ ಟಿಕೆಟ್ ಕೊಂಡು, ಲಗೇಜು ಹೊರಗೆ ತಂದು ಮತ್ತೆ ಒಳಗೆ ಹಾಕಬೇಕಾದರೂ ಇದೇ ಪಾಡು. ಅಂಥವರನ್ನು ಬೆಂಗಳೂರಿನ ಕೌಂಟರಿನಲ್ಲೇ ತಡೆಯುತ್ತಾರೆ.

ಓಡಲಾರದವರಿಗೆ ಗಾಲಿಕುರ್ಚಿ ಇದೆ. ಯುರೋಪಿನ ನಿಲ್ದಾಣಗಳಲ್ಲಿ 1107/2006 ಎಂಬ ಕಾಯಿದೆಯ ಪ್ರಕಾರ ನಡೆಯಲು ಕಷ್ಟವಿರುವವರಿಗೆ ಈ ನೆರವು ಪುಕ್ಕಟೆ. 48 ಗಂಟೆ ಮುಂಚೆ ತಿಳಿಸಿದರಾಯಿತು. ಯಜಮಾನಿಯವರಿಗೆ ನಿಜಕ್ಕೂ ಮಂಡಿನೋವು. ಆದರೂ ಹಿಂದಿನ ವಾರವಷ್ಟೇ ಏಣಿ ಹತ್ತಿ ಅಟ್ಟದ ಕಾಯಿ ಎಣಿಸಿ ಬಂದವರಿಗೆ ಕುರ್ಚಿಯಲ್ಲಿ ಕೂತು ಊರೂರಿನವರ ಮುಂದೆ ಮೆರವಣಿಗೆ ಹೋಗಲು ನಾಚಿಕೆ. ತಳ್ಳುವ ಹುಡುಗನಿಗೆ “ಎಷ್ಟು ಓದಿದೀಯಪ್ಪ, ಮದುವೆ ಆಗೈತಾ” ಎಂದು ಕನ್ನಡದಲ್ಲೇ ವಿಚಾರಿಸುತ್ತಾರೆ, ಅವನು ನಕ್ಕು ತಲೆಯಾಡಿಸುತ್ತಾನೆ. ದಾರಿ ತಪ್ಪದಿರುವುದೂ ಗೇಟಿಗೆ ಸಮಯಕ್ಕೆ ಮುಟ್ಟುವುದೂ ಈ ಜೋಡಿ ಮಾತ್ರ. ಚೀಲ ಹೊತ್ತು ಪಕ್ಕದಲ್ಲಿ ಓಡುವವರು ಯಜಮಾನರು.

ಇಷ್ಟಾಗಿಯೂ ವಿಮಾನ ತಪ್ಪಿದರೆ? ಮುಚ್ಚಿದ ಬಾಗಿಲ ಮುಂದೆ ‘ಹೋಲ್ಡಾನ್’ ಎನ್ನಲು ಒಳಗೆ ಕಂಡಕ್ಟರಿಲ್ಲ. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿದ್ದು ಮೊದಲನೆಯದು ತಡವಾಗಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ವಿಮಾನ ಕಂಪನಿಯ ಜವಾಬ್ದಾರಿ. ಬೇರೆ ಬೇರೆ ಟಿಕೆಟ್ಟಾದರೆ ಎರಡನೆಯದರ ದುಡ್ಡು ಬಹುಪಾಲು ಹೋದ ಹಾಗೆಯೇ. ಯುರೋಪಿನಲ್ಲಿ ತಡವಾದರೆ 600 ಯೂರೊ ಪರಿಹಾರ ಸಿಗುತ್ತದೆಂದು ಅಮೆರಿಕದ ಅಳಿಯಂದಿರು ಧೈರ್ಯ ಹೇಳುವುದುಂಟು. 261/2004 ಎಂಬ ಆ ನಿಯಮ ಇರುವುದು ನಿಜ. ಯುರೋಪಿನ ಕಂಪನಿಯ ವಿಮಾನದಲ್ಲಿ ಬೆಂಗಳೂರಿನಿಂದ ಹೊರಟು, ಫ್ರಾಂಕ್‌ಫರ್ಟ್‌ನಲ್ಲಿ ಬದಲಾಯಿಸಿ, ಒಂದೇ ಟಿಕೆಟ್ಟಿನಲ್ಲಿ ಡಬ್ಲಿನ್‌ಗೆ ಹೋಗುವವರಿಗೆ, ಮೂರು ಗಂಟೆಗೂ ಹೆಚ್ಚು ತಡವಾಗಿ ಮುಟ್ಟಿದರೆ ಅದು ಅನ್ವಯಿಸುತ್ತದೆ; ಹವಾಮಾನದಂಥ ಕಾರಣವಿದ್ದರೆ ಇಲ್ಲ. ಆದರೆ ಹೊರಟದ್ದೂ ಯುರೋಪಿನ ಆಚೆ, ಮುಟ್ಟುವುದೂ ಆಚೆ, ನಡುವೆ ಮಾತ್ರ ಯುರೋಪು ಎಂಬಂಥ ಒಂದೇ ಟಿಕೆಟ್ಟಿನ ಪ್ರಯಾಣಕ್ಕೆ ಈ ನಿಯಮ ಸಲ್ಲದೆಂದು ಐರೋಪ್ಯ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಡಲ್ಲಾಸ್‌ಗೆ ಹೊರಟ ಯಜಮಾನರು ಈ ಲೆಕ್ಕದಲ್ಲಿ ಪರಿಹಾರದಿಂದ ಹೊರಗೆ.

ಹಾಗಾಗಿ ಕನೆಕ್ಷನ್ ಸಿಗುವುದೂ ತಪ್ಪುವುದೂ ಬಹುಮಟ್ಟಿಗೆ ತೀರ್ಮಾನವಾಗುವುದು ಟಿಕೆಟ್ ತೆಗೆಯುವ ದಿನ, ಅಮೆರಿಕದ ಆ ಮನೆಯ ಲ್ಯಾಪ್‌ಟಾಪಿನ ಮುಂದೆ. ಅಲ್ಲಿ ಕುಳಿತ ಮಕ್ಕಳಲ್ಲಿ ಒಂದು ವಿನಂತಿ. ಅಪ್ಪ ಅಮ್ಮನಿಗೆ ಒಂದೇ ಟಿಕೆಟ್ಟಿನಲ್ಲಿ, ಒಂದೇ ಕಡೆ ಬದಲಾವಣೆ ಇರುವಂತೆ, ನಡುವೆ ಮೂರು ಗಂಟೆಯಾದರೂ ಬಿಡುವಿಟ್ಟು ತೆಗೆಯಿರಿ. ಗಾಲಿಕುರ್ಚಿಯನ್ನು ಬುಕ್ ಮಾಡುವಾಗಲೇ ಹೇಳಿಬಿಡಿ. ಶುಕ್ರವಾರ ಬೆಳಗಿನ ಜಾವ ಎರಡೂ ಐವತ್ತರ ವಿಮಾನವೆಂದರೆ ಗುರುವಾರ ಮಧ್ಯಾಹ್ನವೇ ಹುಳಿಯಾರು ಬಿಡಬೇಕೆಂದು ಬಿಡಿಸಿ ಹೇಳಿ. ಕೊಬ್ಬರಿ ಎಣ್ಣೆ ಅಮೆರಿಕದ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತದೆ, ಹೊತ್ತು ತರಬೇಡಿ ಎಂದೂ ಹೇಳಿ ನೋಡಿ. ಅದನ್ನೊಂದು ಅವರು ಕೇಳುವುದಿಲ್ಲ.