ಕರಕರಕ್ಕೊಂದು ಕೊಟೇಶನ್

ಎರಡನೇ ಬೆಡ್‌ರೂಮಿನ ಗೋಡೆಗೆ ಕಪ್ಪು ಫೋಮ್ ಅಂಟಿಸಿ, ಬಾಗಿಲಿಗೆ ಸ್ಟುಡಿಯೋ ಎಂದು ಬೋರ್ಡು ಹಾಕಿದ ಯಜಮಾನರಿಗೆ ಇವತ್ತಲ್ಲ ನಾಳೆ ಈ ಕಾಟ ಗ್ಯಾರಂಟಿ. ಪರದೆಯ ಮೇಲಿನ, ದನಿ ಏರಿಳಿಸುವ ಫೇಡರನ್ನು ಮೌಸಿನಲ್ಲಿ ಹಿಡಿದು ಕೆಳಗೆಳೆದರೆ ಹಾಡಿನ ಬೆನ್ನಿಗೇ ‘ಕರ್‌ರ್‌ರ್’. ಕೈ ಬಿಟ್ಟರೆ ಸದ್ದಿಲ್ಲ. ಎಳೆದರೆ ಮತ್ತೆ ‘ಕರ್‌ರ್‌ರ್’. ಎಳೆದಾಗ ಬರುತ್ತದೆ, ಬಿಟ್ಟಾಗ ಹೋಗುತ್ತದೆ; ಅರ್ಧ ಉತ್ತರ ಇಷ್ಟರಲ್ಲೇ ಇದೆ. ಆದರೆ ಬಿಟ್ಟಿ ಸಿಕ್ಕ ಉತ್ತರವನ್ನು ನಂಬುವವರು ಯಾರು? ಬೆಂಗಳೂರಿನಲ್ಲಿ ಯಾವ ಸಮಸ್ಯೆಗೂ ಮೊದಲು ಕೊಟೇಶನ್ ಬರಬೇಕು, ಕಾರಣ ಆಮೇಲೆ.

ಮೊದಲು ಬರುವವರು ಕ್ಯಾಸೆಟ್ ಕಾಲದ ಹಿರಿಯರು. ಕಿವಿಯಾನಿಸಿ ಕೇಳಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಾರೆ: “ಕಾರ್ಬನ್ ಹೋಗಿದೆ ಕಣಯ್ಯಾ. ಕ್ಲೀನರ್ ಸ್ಪ್ರೇ ಹೊಡಿ.” ಅವರ ಕಾಲಕ್ಕೆ ಅದು ಸರಿಯೇ. ಹಳೆಯ ಮಿಕ್ಸರಿನಲ್ಲಿ ಧ್ವನಿಯೇ ಫೇಡರಿನೊಳಗೆ ಹರಿಯುತ್ತಿತ್ತು. ಕಾರ್ಬನ್ ಪಟ್ಟಿಯ ಮೇಲೆ ಧೂಳು ಕೂತರೆ, ಕೆಪಾಸಿಟರ್ ಸೋರಿ ಡಿ.ಸಿ. ಕರೆಂಟು ನುಗ್ಗಿದರೆ, ಎಳೆದಲ್ಲೆಲ್ಲ ಪರಪರ ಸದ್ದು. ಪರದೆಯ ಮೇಲಿನ ಫೇಡರಿನಲ್ಲಿ ಕಾರ್ಬನ್ನೂ ಇಲ್ಲ, ಧ್ವನಿಯೂ ಹಾಯುವುದಿಲ್ಲ. ಅದು ಹೇಳುವುದು ಒಂದು ಸಂಖ್ಯೆಯನ್ನು ಮಾತ್ರ. ಧ್ವನಿಯನ್ನು ಆ ಸಂಖ್ಯೆಯಿಂದ ಗುಣಿಸುವುದು ಕಂಪ್ಯೂಟರ್. ಹಾಗಂತ ಹಿರಿಯರನ್ನು ದೂರುವಂತಿಲ್ಲ. ಸಾಫ್ಟ್‌ವೇರ್‌ನವರು ಪರದೆ ಮೇಲೆ ತೇಗದ ಚೌಕಟ್ಟು ಬಿಡಿಸಿ, ನಾಲ್ಕು ಮೂಲೆಗೆ ಸ್ಕ್ರೂ ಬಿಡಿಸಿ, ಒಂದು ಸ್ಕ್ರೂಗೆ ತುಸು ತುಕ್ಕನ್ನೂ ಬಳಿದಿದ್ದಾರೆ. ಸ್ಪ್ರೇ ಹೊಡೆಯಬೇಕೆನಿಸಿದರೆ ತಪ್ಪೇನು? ಯಜಮಾನರು ಮಾನಿಟರನ್ನು ಒರೆಸಿಕೊಂಡರು.

ಎರಡನೆಯವರು ಅರ್ಥಿಂಗ್ ತಜ್ಞರು. ನಮ್ಮಲ್ಲಿ ಮೈಕು ಕೈಕೊಟ್ಟರೂ ಅರ್ಥಿಂಗು, ಮದುವೆ ಮನೆಯ ನಾದಸ್ವರ ಅಪಸ್ವರವಾದರೂ ಅರ್ಥಿಂಗು. ಅರ್ಥಿಂಗ್ ಕೆಟ್ಟರೆ ಕೇಳುವುದು 50 ಹರ್ಟ್ಸಿನ ‘ಗುಂಯ್’. ಫೇಡರ್ ಆಡಿಸಲಿ ಬಿಡಲಿ, ಅದು ತನ್ನ ಪಾಡಿಗೆ ಗುಂಯ್‌ಗುಡುತ್ತಲೇ ಇರುತ್ತದೆ. ಈ ಸೂಕ್ಷ್ಮ ಹೇಳುವಷ್ಟರಲ್ಲಿ ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿ, ತಾಮ್ರದ ಪ್ಲೇಟು ಇಳಿಸಿ, ಉಪ್ಪು ಇದ್ದಿಲು ಸುರಿದು, ನೀರು ಹೊಯ್ದಾಗಿತ್ತು. ಒಳಗೆ ಬಂದು ಫೇಡರ್ ಎಳೆದರೆ ‘ಕರ್‌ರ್‌ರ್’. ಹೋಗಲಿ, ಗೀಸರಿಗೆ ಒಳ್ಳೆಯ ಅರ್ಥಿಂಗ್ ಆಯಿತು.

ಮೂರನೆಯವನು ಅಕ್ಕನ ಮಗ. ಇವನ ವಿದ್ಯೆಯೆಲ್ಲ ಯೂಟ್ಯೂಬಿನದು. “ಏನ್ ಮಾಮಾ, ಈ ಕಾಲದಲ್ಲೂ 48 ಇಟ್ಕೊಂಡಿದೀರಾ? 192 ಕಿಲೋಹರ್ಟ್ಸ್ ಇಂಟರ್‌ಫೇಸ್ ತಗೊಳ್ಳಿ. ಬಫರ್ 64ಕ್ಕೆ ಇಳಿಸಿ, ಲೇಟೆನ್ಸಿನೇ ಇರಲ್ಲ.” ಮಾಮ ಎಸ್.ಪಿ. ರೋಡಿಗೆ ಹೋಗಿ ಡಬ್ಬ ತಂದರು. ಸೆಕೆಂಡಿಗೆ 48,000 ಸ್ಯಾಂಪಲ್ಲಿನ ಲೆಕ್ಕದಲ್ಲಿ 64 ಸ್ಯಾಂಪಲ್ ಎಂದರೆ ಒಂದೂಕಾಲು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. 1,92,000ಕ್ಕೆ ಏರಿಸಿದರೆ ಅದೇ 64, ಒಂದು ಮಿಲಿಸೆಕೆಂಡಿನ ಮೂರನೇ ಒಂದು ಭಾಗ. ಅಷ್ಟರೊಳಗೆ ಇಪ್ಪತ್ತು ಟ್ರ್ಯಾಕು, ಮೂರು ರಿವರ್ಬು, ಹಿಂದೆ ತೆರೆದಿಟ್ಟ ಕ್ರೋಮ್, ಎಲ್ಲವನ್ನೂ ಮುಗಿಸಿ ಕೊಡು ಎಂದರೆ ಬಡಪಾಯಿ ಲ್ಯಾಪ್‌ಟಾಪು ಎಲ್ಲಿಗೆ ಹೋಗಬೇಕು? ಸಮಯಕ್ಕೆ ಲೆಕ್ಕ ಮುಗಿಯದಿದ್ದಾಗಲೆಲ್ಲ ಒಂದೊಂದು ‘ಚಟ್’. ಈಗ ಯಜಮಾನರ ಬಳಿ ಎರಡು ಥರದ ಸದ್ದು: ಎಳೆದಾಗ ಕರಕರ, ಎಳೆಯದಿದ್ದಾಗ ಚಟಪಟ.

ಅಸಲಿ ಸಂಗತಿ ಇಷ್ಟು. ಕಂಪ್ಯೂಟರ್ ಧ್ವನಿಯನ್ನು ತುಂಡು ತುಂಡಾಗಿ ನುಂಗುತ್ತದೆ; ಬಫರ್ ಎಂದರೆ ಈ ತುಂಡೇ. ಹಳೆಯ 48,000ದ ಲೆಕ್ಕದಲ್ಲಿ ತುಂಡಿಗೆ 512 ಸ್ಯಾಂಪಲ್ ಎಂದುಕೊಂಡರೆ ಸೆಕೆಂಡಿಗೆ ಸುಮಾರು 94 ತುಂಡು. ನೀವು ಫೇಡರನ್ನು ಎಷ್ಟೇ ನಯವಾಗಿ ಎಳೆಯಿರಿ, ಸೋಮಾರಿ ಸಾಫ್ಟ್‌ವೇರ್ ಒಂದೊಂದು ತುಂಡಿನ ತಲೆಯಲ್ಲಿ ಮಾತ್ರ ಹೊಸ ಮಟ್ಟ ಓದುತ್ತದೆ. ಇಳಿಜಾರಿನಲ್ಲಿ ಜಾರಬೇಕಾದ ದನಿ ಮೆಟ್ಟಿಲ ಮೇಲಿಂದ ಧಡಧಡ ಉರುಳುತ್ತದೆ. ಸೆಕೆಂಡಿಗೆ 94 ಸಣ್ಣ ನೆಗೆತ ಒಟ್ಟುಗೂಡಿದರೆ ಅದೇ ‘ಕರ್‌ರ್‌ರ್’. ಬಲ್ಲವರು ಇದಕ್ಕೆ ಜಿಪ್ಪರ್ ನಾಯ್ಸ್ ಎನ್ನುತ್ತಾರೆ. ಹಳೇ ಮಟ್ಟದಿಂದ ಹೊಸ ಮಟ್ಟಕ್ಕೆ ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಸ್ಯಾಂಪಲ್ ಸ್ಯಾಂಪಲ್ಲಿಗೂ ಸ್ವಲ್ಪಸ್ವಲ್ಪವೇ ಜಾರಿಸಿದರೆ ಮುಗಿಯಿತು. ನಾಲ್ಕೈದು ಸಾಲಿನ ಕೋಡು. ಒಳ್ಳೆಯ ಸಾಫ್ಟ್‌ವೇರುಗಳಲ್ಲಿ ಇದು ಇದ್ದೇ ಇರುತ್ತದೆ. ಇಲ್ಲದವರು ಅಪ್‌ಡೇಟಿನಲ್ಲಿ ಹೊಸ ಬಣ್ಣ ಕೊಡುತ್ತಾರೆ, ಕೃತಕ ಬುದ್ಧಿಮತ್ತೆಯಿಂದ ಮಾಸ್ಟರಿಂಗ್ ಮಾಡಿಸುತ್ತಾರೆ. ಆ ನಾಲ್ಕೈದು ಸಾಲಿಗೆ ಮಾತ್ರ ಅವರಿಗೆ ಪುರುಸೊತ್ತಿಲ್ಲ.

ಈ ಕರಕರಕ್ಕೆ ಮಿಡಿ ಎಂಬ ಅಜ್ಜನೂ ಕೈಜೋಡಿಸುತ್ತಾನೆ. ಸಂಗೀತದ ಉಪಕರಣಗಳೂ ಕಂಪ್ಯೂಟರೂ ಮಾತಾಡಿಕೊಳ್ಳಲೆಂದು 1983ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಸಾಮಾನ್ಯ ವಾಲ್ಯೂಮ್ ಸಂದೇಶಕ್ಕೆ ಇರುವುದು 0ಯಿಂದ 127ರವರೆಗಿನ ಸಂಖ್ಯೆಗಳು ಮಾತ್ರ. ಸಂಖ್ಯೆಯನ್ನು ನೇರವಾಗಿ ಗುಣಿಸುವ ಕಡೆ, ಮೇಲ್ತುದಿಯಲ್ಲಿ 127ರಿಂದ 126ಕ್ಕೆ ಇಳಿದರೆ 0.07 ಡೆಸಿಬೆಲ್, ಯಾರ ಕಿವಿಗೂ ಗೊತ್ತಾಗದು. ಕೆಳತುದಿಯಲ್ಲಿ 2ರಿಂದ 1ಕ್ಕೆ ಇಳಿದರೆ ಒಂದೇ ನೆಗೆತಕ್ಕೆ 6 ಡೆಸಿಬೆಲ್. ಭಾವಗೀತೆ ಮೆಲ್ಲಗೆ ಕರಗುತ್ತಾ ಮುಗಿಯಬೇಕಾದ ಕಡೆಯೇ, ಕೊಳಲಿನ ಕೊನೆಯ ಸ್ವರದ ಮೇಲೆಯೇ ಕರಕರ ಎದ್ದು ಕೇಳುವುದು ಇದಕ್ಕೆ. ತಮಟೆ ಬಾರಿಸುವಾಗ ಈ ದೋಷ ಯಾರಿಗೂ ಕೇಳಿಸುವುದಿಲ್ಲ. ತಮಟೆ ಟ್ರ್ಯಾಕಿನಲ್ಲೇ ಟೆಸ್ಟ್ ಮಾಡಿ “ಎಲ್ಲಾ ಓಕೆ ಸಾರ್” ಎಂದು ಸರ್ಟಿಫಿಕೇಟ್ ಕೊಟ್ಟ ಎಂಜಿನಿಯರುಗಳೂ ಇದ್ದಾರೆ.

ಪತ್ತೆ ಹಚ್ಚುವುದಕ್ಕೆ ಕಾಸು ಬೇಡ. ಕೊಳಲಿನ ಒಂದು ಉದ್ದ ಸ್ವರ ಇಟ್ಟುಕೊಂಡು, ಫೇಡರ್ ಎಳೆತವನ್ನು ಆಟೊಮೇಶನ್ ಆಗಿ ಬರೆಸಿ, ಫೈಲಾಗಿ ಹೊರತೆಗೆದು ಕೇಳಬೇಕು. ಸದ್ದು ಫೈಲಿನಲ್ಲಿಲ್ಲ, ನುಡಿಸುವಾಗ ಮಾತ್ರ ಬರುತ್ತದೆ ಎಂದಾದರೆ ಬಫರನ್ನು 512ಕ್ಕೋ 1024ಕ್ಕೋ ಏರಿಸಿ, ವೈಫೈ ಆರಿಸಿ, ಡ್ರೈವರ್ ನೋಡಿ. ಫೇಡರ್ ಮೇಲಿದ್ದಷ್ಟು ಹೊತ್ತೂ ಒಡಕು, ಇಳಿಸಿದೊಡನೆ ಸ್ವಚ್ಛ ಎಂದಾದರೆ ಅದು ಜಿಪ್ಪರೂ ಅಲ್ಲ, ಬಫರೂ ಅಲ್ಲ. ಮಾಸ್ಟರಿನಲ್ಲಿ ಕೆಂಪು ದೀಪ ಉರಿಯುತ್ತಿರುತ್ತದೆ. ಅದನ್ನು ಅಲಂಕಾರದ ದೀಪ ಎಂದುಕೊಂಡಿರುತ್ತೀರಿ. ಫೈಲಿನಲ್ಲೂ ಎಳೆತದ ಜಾಗದಲ್ಲೇ ಕರಕರ ಕೇಳಿದರೆ ಸರಪಳಿಯ ಪ್ಲಗಿನ್ನುಗಳನ್ನು ಒಂದೊಂದಾಗಿ ಆರಿಸುತ್ತಾ ಹೋಗಿ, ಕದ್ದವನು ಸಿಗುತ್ತಾನೆ. ಕೊನೆಯ ಫೇಡ್ ಅನ್ನು ಕಂಟ್ರೋಲರ್ ಗುಬುಟಿನಿಂದ ತಿರುಗಿಸದೆ ಕ್ಲಿಪ್ಪಿನ ಮೇಲೆಯೇ ಎಳೆದುಬಿಡಿ.

ಅರ್ಧ ಗಂಟೆಯ ಕೆಲಸ. ಅದೇ ಇದರ ದೊಡ್ಡ ಕೊರತೆ. ಬಫರ್ ಏರಿಸಿದೆ ಎಂದು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರೆ ಹೆಂಡತಿಯೂ ಲೈಕ್ ಒತ್ತುವುದಿಲ್ಲ. ಹೊಸ ಡಬ್ಬ ಬಿಚ್ಚುವ ವಿಡಿಯೋಗಾದರೆ ಅಕ್ಕನ ಮಗನೇ ಹಾರ್ಟು ಹಾಕುತ್ತಾನೆ.

ಕಡೆಗೆ ಯಜಮಾನರೂ ಒಂದು ಪ್ಲಗಿನ್ ಕೊಂಡರು. ಕರಕರ ತೆಗೆಯುವುದಲ್ಲ, ಸೇರಿಸುವುದು! ಸವೆದ ಗ್ರಾಮಫೋನ್ ತಟ್ಟೆಯ ಸದ್ದು ಕೊಡುತ್ತದೆ. ಧೂಳಿಗೊಂದು ಗುಬುಟು, ಗೀರಿಗೊಂದು ಗುಬುಟು. ಈಗಿನ ಹುಡುಗರ ಲೋ-ಫೈ ಹಾಡಿಗೆ ಇದಿಲ್ಲದಿದ್ದರೆ ಆಗುವುದಿಲ್ಲವಂತೆ. ಗಿರಾಕಿ ಹೆಡ್‌ಫೋನ್ ಹಾಕಿಕೊಂಡು ತಲೆದೂಗಿದ. “ಸಾರ್, ಆ ಕರಕರ ಇದ್ಯಲ್ಲಾ, ಸೂಪರ್. ಇನ್ನೊಂಚೂರು ಜಾಸ್ತಿ ಮಾಡಿ.” ಯಜಮಾನರು ಫೇಡರ್ ಮೇಲಕ್ಕೆ ತಳ್ಳಿದರು. ಕೊಂಡದ್ದೂ ಜಾಸ್ತಿಯಾಯಿತು, ತಳ್ಳಿದ ರಭಸಕ್ಕೆ ಹಳೆಯದೂ ದನಿಗೂಡಿಸಿತು. ಗಿರಾಕಿ ಎದ್ದು ಕೈ ಕುಲುಕಿದ. ಬಿಲ್ಲಿನಲ್ಲಿ ‘ವಿಂಟೇಜ್ ಟೋನ್’ ಎಂದು ಒಂದು ಸಾಲು ಸೇರಿತು, ಜಿ.ಎಸ್.ಟಿ. ಪ್ರತ್ಯೇಕ.