ಅನುಮಾನಕ್ಕೆ ಎರಡು ರೂಪಾಯಿ

ಮತದಾನದ ಹಿಂದಿನ ದಿನ ಮಸ್ಟರಿಂಗ್ ಕೇಂದ್ರದ ಶಾಮಿಯಾನದಡಿ ಕೂತ ಮೇಷ್ಟರುಗಳು ಜಾತ್ರೆಯಲ್ಲಿ ಅಂಗಡಿ ಹಾಕಲು ಬಂದವರಂತೆ ಕಾಣುತ್ತಾರೆ. ಚೀಲದ ಸರಕನ್ನೆಲ್ಲ ಎದುರಿಗೆ ಹರಡಿಕೊಂಡು, ಪಟ್ಟಿ ಹಿಡಿದು ಎಣಿಸಿದ್ದೇ ಎಣಿಸಿದ್ದು: ದಾರ, ಅರಗು, ಮೇಣದಬತ್ತಿ, ಬೆಂಕಿಪೊಟ್ಟಣ, ಬ್ಲೇಡು, ಗುಂಡುಪಿನ್ನು, ಹಿತ್ತಾಳೆ ಮೊಹರು, ಹಸಿರು ಪೇಪರ್ ಸೀಲು, ಗುಲಾಬಿ ಪೇಪರ್ ಸೀಲು, ಲಕೋಟೆ, ಲಕೋಟೆಗಳನ್ನು ಹಾಕಲು ಲಕೋಟೆ, ಅವನ್ನೆಲ್ಲ ಹಾಕಲು ಇನ್ನೂ ದೊಡ್ಡ ಲಕೋಟೆ. ಮತಯಂತ್ರದ ಚಿಂತೆ ಯಾರಿಗೂ ಇಲ್ಲ. ಅದು ಕೆಟ್ಟರೆ ಸೆಕ್ಟರ್ ಆಫೀಸರು ಬೇರೆಯದನ್ನು ತಂದುಕೊಡುತ್ತಾರೆ. ಬೆಂಕಿಪೊಟ್ಟಣ ಕಳೆದರೆ? ಅರಗು ಕರಗದು. ಅರಗು ಕರಗದೆ ಮೊಹರಿಲ್ಲ. ಮೊಹರಿಲ್ಲದ ಸಾಮಾನನ್ನು ರಾತ್ರಿ ವಾಪಸು ತೆಗೆದುಕೊಳ್ಳುವವರಿಲ್ಲ.

ಬೆರಳಿಗೆ ಹಚ್ಚುವ ಶಾಯಿಯ ಗತ್ತೇ ಬೇರೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆಯ ಸರಕು ಅದು. 1962ರ ಚುನಾವಣೆಯಿಂದ ದೇಶದ ಬೆರಳನ್ನೆಲ್ಲ ಗುರುತು ಹಾಕಿಕೊಂಡು ಬಂದಿದೆ. ಸೀಸೆ ಮಗುಚದಂತೆ ಅದನ್ನು ಮರಳಲ್ಲಿ ಹೂಳಿಡಬೇಕು. ಸೀಸೆ ಸರ್ಕಾರದ್ದು, ಮರಳು ಮಾತ್ರ ನಮ್ಮದೇ ಏರ್ಪಾಡು. ಮತಗಟ್ಟೆಯಾದ ಶಾಲೆ ತಲುಪಿದವನೇ ಬಿಸಿಯೂಟದ ಅಡುಗೆಯಕ್ಕನನ್ನು ಕೇಳಿದೆ. “ಮರಳಾ? ಮನೆ ಕಟ್ಟೋರಿಗೇ ಸಿಗ್ತಿಲ್ಲ ಸಾರ್” ಎನ್ನುತ್ತ ಅಂಗಳದ ಮಣ್ಣನ್ನೇ ಡಬ್ಬಿಗೆ ತುಂಬಿ ಕೊಟ್ಟರು.

ನಮ್ಮ ಪಾಲಿಗೆ ಬಂದದ್ದು ನಲಿ-ಕಲಿ ಕೊಠಡಿ. ಮತ ಹಾಕುವ ಮರೆ ಕಿಟಕಿಗೆ ತಾಗಬಾರದು, ವಿವಿಪ್ಯಾಟ್ ನೆತ್ತಿಯ ಮೇಲೆ ಬಲ್ಬು ಇರಬಾರದು, ಕೇಬಲ್ಲು ಯಾರ ಕಾಲಿಗೂ ತೊಡರಬಾರದು. ಇಷ್ಟೂ ಕೂಡಿಬಂದ ಮೂಲೆಯಲ್ಲಿ ಬೀರು ನಿಂತಿತ್ತು. ಮಕ್ಕಳ ದುಂಡುಮೇಜು ಮೊಣಕಾಲೆತ್ತರ. ಅದರ ಮೇಲೆ ಯಂತ್ರವಿಟ್ಟರೆ ಊರಿಗೆ ಊರೇ ಬಗ್ಗಿ ಮತ ಹಾಕಬೇಕಿತ್ತು. ಬೀರು ಸರಿಸಿ, ಹೆಡ್‌ಮೇಷ್ಟ್ರ ಮೇಜು ಹೊತ್ತು ತಂದೆವು.

ಬೆಳಗಿನ ಜಾವ ಬಂದ ಏಜೆಂಟರು ಯಂತ್ರಕ್ಕಿಂತ ಮೊದಲು ಗೋಡೆ ನೋಡಿದರು.

“ಸಾರ್, ಅಲ್ಲಿ ‘ಕ’ ಕಮಲ ಇದೆ. ಮುಚ್ಚಿಸಿ.”

“ಹಾಗಾದ್ರೆ ಆ ಕೈನೂ ಮುಚ್ಚಿಸಿ ಸಾರ್.”

ಅದು ‘ಊಟಕ್ಕೆ ಮುಂಚೆ ಕೈ ತೊಳೆಯಿರಿ’ ಎಂಬ ಚಿತ್ರ. ಮೂರನೆಯವನಿಗೆ ತನ್ನ ಚಿಹ್ನೆ ಗೋಡೆಯಲ್ಲೆಲ್ಲೂ ಇಲ್ಲವೆಂಬುದೇ ಬೇಸರ. ಹಳೇ ಪೇಪರು ಅಂಟಿಸೋಣವೆಂದರೆ ಪುಟದ ತುಂಬ ಒಬ್ಬ ನಾಯಕರ ನಗು; ತಿರುಗಿಸಿದರೆ ಬೆನ್ನಿಗೆ ಇನ್ನೊಬ್ಬರದು. ಕೊನೆಗೆ ಕ್ರೀಡಾಪುಟ ಸಿಕ್ಕಿ, ಗೋಡೆ ನಿಷ್ಪಕ್ಷಪಾತವಾಯಿತು.

ಅಣಕು ಮತದಾನದಲ್ಲಿ ಕನಿಷ್ಠ 50 ಮತ ಬೀಳಬೇಕು, ಎಲ್ಲರಿಗೂ ಬೀಳಬೇಕು. ನೋಟಾಕ್ಕೆ ಏಜೆಂಟರಿಲ್ಲವಾಗಿ ಅದರ ಪಾಲಿನದನ್ನು ನಾನೇ ಒತ್ತಿದೆ. ಎಣಿಸಿ, ಅಳಿಸಿ, ಚೀಟಿಗಳನ್ನು ಕಪ್ಪು ಲಕೋಟೆಗೆ ಸೇರಿಸಿ ಸೀಲು ಮಾಡಿದ್ದಾಯಿತು. ಪ್ರತಿ ಸೀಲಿನ ನಂಬರನ್ನೂ ಏಜೆಂಟರು ಬರೆದುಕೊಂಡರು. ಆಯೋಗಕ್ಕೆ ನನ್ನ ಮೇಲೆ ನಂಬಿಕೆಯಿಲ್ಲ, ಅದಕ್ಕೇ ಹೆಜ್ಜೆಹೆಜ್ಜೆಗೂ ಸಹಿ. ಏಜೆಂಟರಿಗೆ ಒಬ್ಬರ ಮೇಲೊಬ್ಬರಿಗಿಲ್ಲ, ಅದಕ್ಕೇ ಮೂವರೂ ಒಂದೇ ಬೆಂಚಿನ ಮೇಲೆ. ಇಷ್ಟೂ ಅಪನಂಬಿಕೆಗೆ ದಾರ ಸುತ್ತಿ ಅರಗು ಹಾಕಿದರೆ, ಸೋತವನೂ ಒಪ್ಪುವ ಫಲಿತಾಂಶ ಹೊರಬರುತ್ತದೆ!

ಅನುಮಾನಪಡಲೂ ಚೀಲದಲ್ಲಿ ಸೌಕರ್ಯವಿದೆ. ಮತದಾರರ ಗುರುತನ್ನು ಪ್ರಶ್ನಿಸುವ ಏಜೆಂಟ್ 2 ರೂಪಾಯಿ ಠೇವಣಿ ಕಟ್ಟಬೇಕು. ರಸೀದಿ ಪುಸ್ತಕ ಸಿದ್ಧ. ಆಕ್ಷೇಪ ಹುಸಿಯಾದರೆ ಹಣ ಸರ್ಕಾರಕ್ಕೆ. ಮಧ್ಯಾಹ್ನ ಅಜ್ಜಿಯೊಬ್ಬರನ್ನು ಕಂಡು ಒಬ್ಬ ಎದ್ದ. “ಸಾರ್, ಪಟ್ಟಿಲಿರೋದು ಇವರಲ್ಲ.” ನಾನು ರಸೀದಿ ಪುಸ್ತಕ ತೆಗೆದೆ. ಅವನು ಜೇಬು ತಡಕಿ, “ಚಿಲ್ಲರೆ ಇಲ್ಲ ಸಾರ್. ಫೋನೂ ಹೊರಗಿದೆ, ಇಲ್ದಿದ್ರೆ ಸ್ಕ್ಯಾನ್ ಮಾಡ್ತಿದ್ದೆ” ಎಂದ. ಎದುರು ಪಕ್ಷದವನೇ ನಾಣ್ಯ ಚಾಚಿದ: “ತಗೊಳಪ್ಪ, ಅನುಮಾನ ಉಳಿಸ್ಕೋಬೇಡ.”

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತರು. “ನಿನ್ನ ಮದುವೇಲಿ ಸೋಬಾನೆ ಹೇಳಿದ್ದು ನಾನೇ ಕಣೋ. ನನ್ನ ಮೇಲೆ ಅನುಮಾನ, ಅದೂ ಎರಡೇ ರೂಪಾಯಿಂದೇನೋ? ಅದಕ್ಕೂ ಸಾಲ ಬೇರೆ!”