ಮರೀನಾ ಅರೀನಾದ ಖಾಲಿ ಕುರ್ಚಿಗೆ ಒಂದು ಬಹಿರಂಗ ಪತ್ರ

ಇವರಿಂದ: ಟಿಕೆಟ್ ಕೊಂಡು ಒಳಗೆ ಬಂದವರು, ಜವಾಹರಲಾಲ್ ನೆಹರೂ ಕ್ರೀಡಾಂಗಣ, ಪೆರಿಯಮೇಡು, ಚೆನ್ನೈ.
ಇವರಿಗೆ: ಕೋಚ್ ಕೂರುವ ಕುರ್ಚಿ, ಅದೇ ಕ್ರೀಡಾಂಗಣ, ಗೆರೆಯ ಪಕ್ಕ.
ವಿಷಯ: ಸದರಿ ಕುರ್ಚಿಯಿಂದ ಕೋಚ್‌ಗಳು ಹೇಳದೆ ಕೇಳದೆ ಎದ್ದುಹೋಗುವ ಬಗ್ಗೆ.

ಮಾನ್ಯ ಕುರ್ಚಿಯೇ,

ಫುಟ್‌ಬಾಲ್ ಕೋಚ್ ಕೂರುವ ಕುರ್ಚಿ ಎಂದರೆ ಮೈದಾನದ ಗೆರೆಯಾಚೆ, ಬಾಗಿದ ಮಾಡಿನಡಿ ಇಟ್ಟಿರುವ, ಹೆಸರಿಗಷ್ಟೇ ಆಸನವಾಗಿರುವ ಒಂದು ವಸ್ತು. ತೊಂಬತ್ತು ನಿಮಿಷದ ಆಟದಲ್ಲಿ ಕೋಚ್ ಅದರ ಮುಂದೆ ನಿಂತಿರುತ್ತಾರೆ, ಅದರ ಅಕ್ಕಪಕ್ಕ ಶತಪಥ ಹಾಕುತ್ತಾರೆ, ಬೋರ್ಡು ಹಿಡಿದ ನಾಲ್ಕನೇ ರೆಫರಿಯ ಜೊತೆ ವಾದಕ್ಕಿಳಿಯುತ್ತಾರೆ. ಅದರ ಮೇಲೆ ಅವರಿಗಿಂತ ಹೆಚ್ಚು ಹೊತ್ತು ಕೂರುವುದು ನೀರಿನ ಬಾಟಲಿ. ಹೀಗಿರುವಾಗ ಕೋಚ್ ಎದ್ದುಹೋದರು ಎಂದು ದೂರುವುದು ವ್ಯಾಕರಣದ ದೃಷ್ಟಿಯಿಂದಲೇ ತಪ್ಪು. ಅವರು ಸರಿಯಾಗಿ ಕೂತಿದ್ದೇ ಯಾವಾಗ?

ಕುರ್ಚಿಯ ವಿಳಾಸದಲ್ಲೂ ಒಂದು ತಮಾಷೆಯಿದೆ. ಚೆನ್ನೈಯಿನ್ ಎಫ್‌ಸಿ ತನ್ನ ತವರು ಮೈದಾನವನ್ನು ಮರೀನಾ ಅರೀನಾ ಎಂದು ಕರೆಯುತ್ತದೆ. ಅಲ್ಲಿ ಮರೀನಾ ಕಡಲತೀರ ಇಲ್ಲ. ಕ್ರೀಡಾಂಗಣ ಇರುವುದು ಸಿಡೆನ್‌ಹ್ಯಾಮ್ಸ್ ರಸ್ತೆಯಲ್ಲಿ, ಚರ್ಮದ ವ್ಯಾಪಾರಕ್ಕೆ ಹೆಸರಾದ ಪೆರಿಯಮೇಡಿನಲ್ಲಿ. ಅಲೆ ನೋಡಬೇಕೆಂದರೆ ಆಟೊದವನ ಜೊತೆ ಚೌಕಾಸಿ ಮಾಡಬೇಕು. ಹತ್ತಿರದಲ್ಲಿರುವುದು ಸಮುದ್ರವಲ್ಲ, ಸೆಂಟ್ರಲ್ ರೈಲು ನಿಲ್ದಾಣ. ಊರು ಬಿಡುವವರಿಗೆ ಅನುಕೂಲವೇ. ಇಲ್ಲದ ಸಮುದ್ರವನ್ನು ಇದೆ ಎಂದು ಒಪ್ಪಿಕೊಂಡ ಗ್ಯಾಲರಿ, ಹೊರಡಲಿರುವ ಕೋಚ್ ಇಲ್ಲೇ ಇರುತ್ತಾರೆ ಎಂದು ನಂಬಿದ್ದರಲ್ಲಿ ಆಶ್ಚರ್ಯವೇನಿಲ್ಲ.

ತಂಡ ಹುಟ್ಟಿದ್ದು 2014ರಲ್ಲಿ, ಇಂಡಿಯನ್ ಸೂಪರ್ ಲೀಗಿನ ಜೊತೆಗೇ. ಮಾಲೀಕರ ಸಾಲಿನಲ್ಲಿ ಅಭಿಷೇಕ್ ಬಚ್ಚನ್, ವೀಟಾ ದಾನಿ, ಮಹೇಂದ್ರ ಸಿಂಗ್ ಧೋನಿ. ಕುರ್ಚಿಗೆ ಮೊದಲು ಬಂದವರು ಇಟಲಿಯ ಮಾರ್ಕೊ ಮಾತೆರಾಜಿ, 2006ರ ವಿಶ್ವಕಪ್ ಫೈನಲ್‌ನಲ್ಲಿ ಜಿದಾನ್ ತಲೆಯಿಂದ ಎದೆಗೆ ಗುದ್ದಿಸಿಕೊಂಡವರು. 2015ರ ಡಿಸೆಂಬರ್ ಮಳೆಗೆ ಚೆನ್ನೈ ಮುಳುಗಿದಾಗ ತವರಿನ ಸೆಮಿಫೈನಲ್ಲನ್ನು ಪುಣೆಯಲ್ಲಿ ಆಡಿಸಿ, ಫೈನಲ್‌ನಲ್ಲಿ ಗೋವಾವನ್ನು ಗೋವಾದಲ್ಲೇ 3-2ರಿಂದ ಸೋಲಿಸಿ ಕಪ್ ತಂದುಕೊಟ್ಟರು. 2017ರಲ್ಲಿ ಹೊರಟರು. ಆಮೇಲೆ ಇಂಗ್ಲೆಂಡಿನ ಜಾನ್ ಗ್ರೆಗರಿ. 2018ರ ಮಾರ್ಚ್ 17ರ ಸಂಜೆಯನ್ನು ಬೆಂಗಳೂರಿನವರಿಗೆ ನೆನಪಿಸುವುದು ಗಾಯಕ್ಕೆ ಉಪ್ಪು ಸವರಿದಂತೆ. ಆದರೂ ಕಡತದಲ್ಲಿ ಇರಲಿ. ಕಂಠೀರವದಲ್ಲಿ 9ನೇ ನಿಮಿಷಕ್ಕೆ ಸುನಿಲ್ ಚೆಟ್ರಿ ಹಾರಿ ತಲೆ ಕೊಟ್ಟು ಗೋಲು ಹೊಡೆದಾಗ ಕಪ್ ಊರಲ್ಲೇ ಉಳಿಯಿತೆಂದು ಜನ ಕುಣಿದಿದ್ದರು. ಮೈಲ್ಸನ್ ಆಲ್ವೆಸ್ ಎರಡು ಸಲ ತಲೆಯಲ್ಲೇ ಉತ್ತರ ಕೊಟ್ಟರು. ಕೊನೆಗೆ ಚೆನ್ನೈ 3, ಬೆಂಗಳೂರು 2.

ಮರುವರ್ಷ ಅದೇ ಗ್ರೆಗರಿಯ ಅದೇ ತಂಡ 18 ಪಂದ್ಯಗಳಲ್ಲಿ 9 ಅಂಕ ಗಳಿಸಿ ಪಟ್ಟಿಯ ತಳದಲ್ಲಿ ಕೂತಿತು. ಆದರೂ ಗ್ರೆಗರಿ ಹೊರಡಲಿಲ್ಲ, ಯಾರೂ ಹೊರಡಿಸಲಿಲ್ಲ. 2019ರ ಸೀಸನ್ನಿನ ಮೊದಲ ನಾಲ್ಕು ಪಂದ್ಯಗಳಲ್ಲಿ ತಂಡಕ್ಕೆ ಒಂದು ಗೋಲೂ ಬರಲಿಲ್ಲ. ಆರು ಪಂದ್ಯಕ್ಕೆ ಐದು ಅಂಕ ಆದಾಗ, ನವೆಂಬರ್ ಕೊನೆಗೆ, ಕುರ್ಚಿ ಖಾಲಿಯಾಯಿತು. ಬೇಗ ಹೊರಡುವುದನ್ನು ದ್ರೋಹ ಎಂದು ಕರೆಯುವ ಗ್ಯಾಲರಿಯ ಬಳಿ ತಡವಾಗಿ ಹೊರಡುವುದಕ್ಕೆ ಹೆಸರೇ ಇಲ್ಲ. ನಿಷ್ಠೆ ಎನ್ನೋಣವೆಂದರೆ ಅಂಕಪಟ್ಟಿ ಅಡ್ಡ ಬರುತ್ತದೆ.

ಪತ್ರದ ಮುಖ್ಯ ವಿಷಯ ಇಲ್ಲಿಂದ ಶುರು. 2019ರ ಡಿಸೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಓವನ್ ಕೋಯ್ಲ್ ಬಂದರು. ಸತ್ತಂತಿದ್ದ ತಂಡ ಎದ್ದು ಕೂತಿತು. ಲಿಥುವೇನಿಯಾದ ನೆರಿಯಸ್ ವಾಲ್ಸ್‌ಕಿಸ್ ಸೀಸನ್ ಮುಗಿಯುವಷ್ಟರಲ್ಲಿ 15 ಗೋಲು ಹೊಡೆದು ಚಿನ್ನದ ಬೂಟು ಗೆದ್ದರು. ಬುಡದಲ್ಲಿದ್ದ ತಂಡ ನಾಲ್ಕನೇ ಸ್ಥಾನಕ್ಕೆ ಏರಿತು. 2020ರ ಫೆಬ್ರವರಿ 29ರಂದು ಪೆರಿಯಮೇಡಿನಲ್ಲಿ ನಡೆದ ಸೆಮಿಫೈನಲ್‌ನ ಮೊದಲ ಸುತ್ತಿನಲ್ಲಿ ಗೋವಾಕ್ಕೆ ನಾಲ್ಕು ಗೋಲು ಬಿದ್ದವು, ವಾಪಸ್ ಬಂದದ್ದು ಒಂದು. ಗೋವಾದಲ್ಲಿ 4-2ರಿಂದ ಸೋತರೂ ಒಟ್ಟು ಲೆಕ್ಕದಲ್ಲಿ 6-5ರಿಂದ ಚೆನ್ನೈ ಫೈನಲ್ ಸೇರಿತು. ಆ ಫೈನಲ್ ನಡೆದದ್ದು ಮಾರ್ಚ್ 14ರಂದು, ಕೊರೊನಾ ಭಯಕ್ಕೆ ಬಾಗಿಲು ಮುಚ್ಚಿದ ಫತೋರ್ಡಾ ಕ್ರೀಡಾಂಗಣದಲ್ಲಿ. ಎದುರಾಳಿ ಎಟಿಕೆ 3-1ರಿಂದ ಗೆದ್ದಿತು. ಸೋಲನ್ನು ನೋಡಿದ್ದು ಖಾಲಿ ಕುರ್ಚಿಗಳು, ಅಂದರೆ ಈ ಪತ್ರ ಪಡೆಯುವವರ ಬಂಧುಬಳಗ.

ಆಗಸ್ಟ್ ಬಂತು. ಜನ ಮನೆಯಲ್ಲಿ ಕೂತು ತರಕಾರಿಯನ್ನೂ ಉಪ್ಪುನೀರಲ್ಲಿ ತೊಳೆಯುತ್ತಿದ್ದ ಕಾಲ. ಕೋಯ್ಲ್ ಜಮ್‌ಶೆಡ್‌ಪುರ ಎಫ್‌ಸಿ ಸೇರಿದರು ಎಂಬ ಸುದ್ದಿ ಬಂತು. ಅದು ಟಾಟಾ ಸ್ಟೀಲಿನ ತಂಡ, ಉಕ್ಕಿನ ಊರಿನ ತಂಡ. ವಾಲ್ಸ್‌ಕಿಸ್ ಕೂಡ ಅಲ್ಲಿಗೇ ಹೋದರು. ಕೋಚ್ ಹೋದರೆ ಹೋದರು. ಚಿನ್ನದ ಬೂಟೂ ಹೋಗುವುದೆಂದರೆ ಅಡುಗೆಯವನು ಒಲೆಯನ್ನೂ ಹೊತ್ತುಕೊಂಡು ಹೋದಂತೆ. ನೀಲಿ ಜೆರ್ಸಿಯ ಬೆನ್ನಿಗೆ ಆ ಹೆಸರನ್ನು ದುಡ್ಡು ಕೊಟ್ಟು ಅಂಟಿಸಿಕೊಂಡವರ ಪಾಡು ಹೇಳತೀರದು. ಅಂಥ ಅಕ್ಷರವನ್ನು ಉಗುರಿನಿಂದ ಕಿತ್ತರೆ ಅರ್ಧ ಬರುತ್ತದೆ, ಅರ್ಧ ಬಟ್ಟೆಯಲ್ಲೇ ಉಳಿಯುತ್ತದೆ. ಇಸ್ತ್ರಿ ಪೆಟ್ಟಿಗೆ ತಾಗಿಸಿದರೆ ಅಂಟೆಲ್ಲ ಪೆಟ್ಟಿಗೆಗೆ, ಆಮೇಲೆ ಮನೆಯವರ ಬಿಳಿ ಷರಟಿಗೆ. ಕಿತ್ತವರು ದುಡುಕಿದರು ಎಂದು ಗೊತ್ತಾದದ್ದು 2022ರ ಜನವರಿಯಲ್ಲಿ, ವಾಲ್ಸ್‌ಕಿಸ್ ಚೆನ್ನೈಗೇ ಮರಳಿದಾಗ.

ಬೈಯುವ ಅವಕಾಶವೂ ಗ್ಯಾಲರಿಗೆ ಸಿಗಲಿಲ್ಲ. ಮುಂದಿನ ಸೀಸನ್ ಪೂರ್ತಿ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಚೆನ್ನೈಯ ಮೊದಲ ಪಂದ್ಯವೇ, ವಿಧಿ ವೇಳಾಪಟ್ಟಿ ಬರೆದಂತೆ, ಜಮ್‌ಶೆಡ್‌ಪುರದ ಎದುರು. 2020ರ ನವೆಂಬರ್ 24, ವಾಸ್ಕೊದ ತಿಲಕ್ ಮೈದಾನ. ಮೊದಲ ನಿಮಿಷದಲ್ಲೇ ಅನಿರುದ್ಧ್ ಥಾಪಾ ಗೋಲು ಹೊಡೆದರು, ಚೆನ್ನೈ 2-1ರಿಂದ ಗೆದ್ದಿತು. ಜಮ್‌ಶೆಡ್‌ಪುರದ ಆ ಒಂದು ಗೋಲು ಯಾರದು ಎಂದು ಹೇಳಬೇಕಾಗಿಲ್ಲ.

ಎದ್ದುಹೋಗುವುದು ಕೋಯ್ಲ್ ಅವರಿಗೆ ಹೊಸದಾಗಿರಲಿಲ್ಲ. 2009ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಶೆಫೀಲ್ಡ್ ಯುನೈಟೆಡ್ ತಂಡವನ್ನು 1-0ರಿಂದ ಸೋಲಿಸಿ ಅವರು ಬರ್ನ್‌ಲಿ ಎಂಬ ಸಣ್ಣ ಗಿರಣಿ ಊರಿನ ತಂಡವನ್ನು ಪ್ರೀಮಿಯರ್ ಲೀಗಿಗೆ ಏರಿಸಿದ್ದರು. 1976ರಿಂದ ಆ ಊರು ಮೇಲಿನ ದರ್ಜೆ ಕಂಡಿರಲಿಲ್ಲ. ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೂಡ ಅಲ್ಲಿ ಬಂದು ಸೋತುಹೋಯಿತು. ಜನ ಅವರನ್ನು ದೇವರು ಎಂದರು. 2010ರ ಜನವರಿಯಲ್ಲಿ, ಸೀಸನ್ ನಡುವೆಯೇ, ದೇವರು ಬೋಲ್ಟನ್ ತಂಡಕ್ಕೆ ಹೋದರು. ಆಟಗಾರನಾಗಿ ಹಿಂದೆ ಅಲ್ಲಿ ಆಡಿದ್ದವರು. ಬರ್ನ್‌ಲಿಯಿಂದ ಬೋಲ್ಟನ್‌ಗೆ ಇರುವ ದೂರ ಚೆನ್ನೈ ಬೀಚ್ ಸ್ಟೇಷನ್ನಿಂದ ತಾಂಬರಂಗೆ ಲೋಕಲ್ ರೈಲಿನಲ್ಲಿ ಹೋದಷ್ಟು. ಅದೇ ತಿಂಗಳು ಬರ್ನ್‌ಲಿಯನ್ನೇ ಬೋಲ್ಟನ್ 1-0ರಿಂದ ಸೋಲಿಸಿತು. ಸೀಸನ್ ಮುಗಿದಾಗ ಬರ್ನ್‌ಲಿ ಕೆಳಗಿಳಿಯಿತು, ಬೋಲ್ಟನ್ ಉಳಿಯಿತು. ದೇವರ ಹೆಸರು ಜೂಡಾಸ್ ಎಂದು ಬದಲಾಯಿತು. ತಮಿಳಿನಲ್ಲಿ ಈ ದ್ರೋಹಿಯ ಹುದ್ದೆಗೆ ಎಟ್ಟಪ್ಪನ್, ಕನ್ನಡದಲ್ಲಿ ಮೀರ್ ಸಾದಿಕ್ ಕಾಯಂ ನೇಮಕಗೊಂಡಿದ್ದಾರೆ. ಎರಡೂ ಕಡೆ ಇನ್ನೂ ಯಾರೂ ರಾಜೀನಾಮೆ ಕೊಟ್ಟಿಲ್ಲ.

ಕೋಯ್ಲ್ ಬರ್ನ್‌ಲಿ ಬಿಟ್ಟ ಆ 2010ರ ಜನವರಿಯಲ್ಲೇ, 12ರಂದು, ಅಟ್ಲಾಂಟಿಕ್ ಆಚೆ ಲೇನ್ ಕಿಫಿನ್ ಎಂಬ ಕೋಚ್ ಒಂದೇ ಸೀಸನ್ ಮುಗಿಸಿ ಟೆನೆಸ್ಸೀ ವಿಶ್ವವಿದ್ಯಾಲಯ ಬಿಟ್ಟು ಕ್ಯಾಲಿಫೋರ್ನಿಯಾದ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹಾರಿದರು. ವಿದ್ಯಾರ್ಥಿಗಳು ಬೀದಿಗಿಳಿದು ಹಾಸಿಗೆಗೆ ಬೆಂಕಿ ಹಚ್ಚಿದರು. ಅಲ್ಲಿನ ಫುಟ್‌ಬಾಲ್‌ನಲ್ಲಿ ಚೆಂಡನ್ನು ಬಹುಪಾಲು ಕೈಯಲ್ಲೇ ಹಿಡಿದು ಓಡುತ್ತಾರೆ. ಹೆಸರಿಗೂ ವಸ್ತುವಿಗೂ ನಂಟಿಲ್ಲದಿರುವುದು ಮರೀನಾ ಅರೀನಾ ಒಂದರ ಸೊತ್ತಲ್ಲ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸರ್ಕಾರಿ ನೌಕರರ ಪೈಕಿ ಅತಿ ಹೆಚ್ಚು ಸಂಬಳ ಪಡೆಯುವವರು ಗವರ್ನರ್ ಅಲ್ಲ, ಕಾಲೇಜಿನ ಫುಟ್‌ಬಾಲ್ ಅಥವಾ ಬಾಸ್ಕೆಟ್‌ಬಾಲ್ ಕೋಚ್. 2007ರ ಡಿಸೆಂಬರ್‌ನಲ್ಲಿ ಬಾಬಿ ಪೆಟ್ರಿನೊ ಎಂಬವರು ಅಟ್ಲಾಂಟಾದ ವೃತ್ತಿಪರ ತಂಡವನ್ನು ಸೀಸನ್ ಮುಗಿಯುವ ಮೊದಲೇ ಬಿಟ್ಟು ಅರ್ಕಾನ್ಸಾ ವಿಶ್ವವಿದ್ಯಾಲಯ ಸೇರಿದಾಗ ಆಟಗಾರರಿಗೆ ಸಿಕ್ಕ ವಿದಾಯವೆಂದರೆ ಲಾಕರಿನಲ್ಲಿ ಇಟ್ಟಿದ್ದ ನಾಲ್ಕು ವಾಕ್ಯದ ಚೀಟಿ. ಹಾಲಿನವನಿಗೆ ಬಾಗಿಲ ಸಂದಿಯಲ್ಲಿ ಇಡುವ ಚೀಟಿಯೂ ಕೆಲವು ಸಲ ಇದಕ್ಕಿಂತ ಉದ್ದ ಇರುತ್ತದೆ.

ಕರ್ನಾಟಕದ ಸರ್ಕಾರಿ ಕಾಲೇಜಿನಲ್ಲಿ ಇಂಥದ್ದು ನಡೆಯಲು ಸಾಧ್ಯವೇ ಇಲ್ಲ. ಅಲ್ಲಿ ಕೋಚ್ ಎಂದರೆ ದೈಹಿಕ ಶಿಕ್ಷಣ ನಿರ್ದೇಶಕರು, ಹುಡುಗರ ಬಾಯಲ್ಲಿ ಪಿ.ಟಿ. ಸರ್. ಅವರು ಹೊರಡುವುದು ಎರಡೇ ರೀತಿ: ವರ್ಗಾವಣೆ, ಇಲ್ಲವೇ ವಯೋನಿವೃತ್ತಿ. ಎರಡಕ್ಕೂ ಬೀಳ್ಕೊಡುಗೆ ಸಮಾರಂಭ ಕಡ್ಡಾಯ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ ಆಗಬೇಕು. ಇಡೀ ಸೇವಾವಧಿಯಲ್ಲಿ ಒಂದು ಚೆಂಡಿನ ಬಿಲ್ಲನ್ನೂ ಪಾಸು ಮಾಡದ ಪ್ರಾಂಶುಪಾಲರು ‘ಕ್ರೀಡೆಗೆ ಇವರ ಕೊಡುಗೆ ಅಪಾರ’ ಎನ್ನಬೇಕು. ಶಾಲು, ಗಂಧದ ಹಾರ, ಬಣ್ಣದ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ, ಅದರ ತುದಿಯಲ್ಲಿ ಮೂರು ಸೇಬು, ಕೆಳಗೆಲ್ಲ ಹುಲ್ಲು. ಮೈಸೂರು ಪೇಟ ಬಾಡಿಗೆಗೆ ತಂದದ್ದು. ಫೋಟೊ ತೆಗೆದ ಕೂಡಲೇ ಅಟೆಂಡರ್ ಹಿಂದಿನಿಂದ ಬಂದು ಮೆಲ್ಲನೆ ಎತ್ತಿಕೊಳ್ಳುತ್ತಾರೆ. ವಂದನಾರ್ಪಣೆ ಮುಗಿಯುವಷ್ಟರಲ್ಲಿ ಉಪ್ಪಿಟ್ಟು ಆರಿರುತ್ತದೆ. ಇಷ್ಟೆಲ್ಲ ಆದ ಮನುಷ್ಯ ಮರುದಿನ ಎದುರು ಕಾಲೇಜಿನ ಕೋಚ್ ಆಗಿ ಕಾಣಿಸಿಕೊಳ್ಳಲು ಮುಖ ಎಲ್ಲಿಂದ ತರಬೇಕು? ಕೋಚ್‌ಗಳನ್ನು ಕಟ್ಟಿಹಾಕಲು ಯುರೋಪಿನ ವಕೀಲರು ಕರಾರಿನಲ್ಲಿ ಪರಿಹಾರದ ಕಲಮುಗಳನ್ನು ಬರೆಯುತ್ತಾರೆ. ಒಂದು ಪೇಟ ಸಾಕಿತ್ತು.

ಪೇಟದ ಬದಲು ಫುಟ್‌ಬಾಲ್ ಲೋಕದಲ್ಲಿರುವುದು ಪತ್ರಿಕಾ ಪ್ರಕಟಣೆ. ಅದರ ಭಾಷೆಗೆ ಬೇರೆಯೇ ಅರ್ಥಕೋಶ ಬೇಕು. ‘ಪರಸ್ಪರ ಒಪ್ಪಿಗೆಯ ಮೇರೆಗೆ’ ಎಂದರೆ ಇಬ್ಬರಲ್ಲಿ ಒಬ್ಬರಿಗಾದರೂ ಒಪ್ಪಿಗೆ ಇತ್ತು ಎಂದರ್ಥ. ‘ಹೊಸ ಸವಾಲು’ ಎಂಬ ಪದ ಹಳೆಯ ಸಂಬಳಕ್ಕಿಂತ ಕಡಿಮೆ ಇದ್ದ ಕಡೆ ಬಳಕೆಯಾದ ಉದಾಹರಣೆ ಅಪರೂಪ. ‘ಈ ಕ್ಲಬ್ ಸದಾ ಹೃದಯದಲ್ಲಿರುತ್ತದೆ’ ಎಂಬುದು ಸಾಮಾನು ಕಟ್ಟಿ ಆದ ಮೇಲೆ ಬರುವ ವಾಕ್ಯ.

ಗ್ಯಾಲರಿಯೂ ಸಾಚಾ ಏನಲ್ಲ. ಕೋಚ್ ಬಿಟ್ಟರೆ ದ್ರೋಹ, ಕ್ಲಬ್ ಬಿಡಿಸಿದರೆ ದಿಟ್ಟ ನಿರ್ಧಾರ ಎಂಬ ಲೆಕ್ಕ ಅದರದ್ದು. 2014ರಿಂದ 2025ರವರೆಗೆ ಪೆರಿಯಮೇಡಿನ ಕುರ್ಚಿಗೆ ಆರು ವಿದೇಶಿ ಕೋಚ್‌ಗಳು ಬಂದರು. ಕೋಯ್ಲ್ ನಂತರ ಚಾಬಾ ಲಾಸ್ಲೊ, ಆಮೇಲೆ ಬೊಜಿದಾರ್ ಬಾಂದೋವಿಚ್. 2022ರ ಫೆಬ್ರವರಿಯಲ್ಲಿ ಗೋವಾದ ಎದುರು ಐದು ಗೋಲಿನ ಸೋಲಾದ ಬೆನ್ನಿಗೇ, ಸೀಸನ್ ಮುಗಿಯಲು ಕೆಲವೇ ಪಂದ್ಯ ಇರುವಾಗ, ಬಾಂದೋವಿಚ್ ಅವರನ್ನು ಕಳುಹಿಸಲಾಯಿತು. ಆಗ ಯಾರೂ ಕ್ಲಬ್ಬನ್ನು ಎಟ್ಟಪ್ಪನ್ ಎನ್ನಲಿಲ್ಲ. ಉಳಿದ ಪಂದ್ಯಗಳಿಗೆ ಹಂಗಾಮಿಯಾಗಿ ನಿಂತವರು ಚೆನ್ನೈಯವರೇ ಆದ ಸಬೀರ್ ಪಾಷಾ, ಒಂದು ಕಾಲಕ್ಕೆ ಭಾರತ ತಂಡಕ್ಕೆ ಆಡಿದವರು, ವರ್ಷಗಳಿಂದ ಒಬ್ಬರಾದ ಮೇಲೊಬ್ಬರು ವಿದೇಶಿ ಕೋಚ್‌ಗಳ ಪಕ್ಕದಲ್ಲಿ ಸಹಾಯಕರಾಗಿ ಕೂತವರು. ಹೋಗದೆ ಇದ್ದವರಿಗೆ ಸಿಕ್ಕ ಬಿರುದು ‘ಹಂಗಾಮಿ’. ಹೋದವರೆಲ್ಲ ‘ಮುಖ್ಯ’.

ಕೋಯ್ಲ್ ಜಮ್‌ಶೆಡ್‌ಪುರಕ್ಕೆ 2022ರಲ್ಲಿ ಲೀಗ್ ಶೀಲ್ಡ್ ಗೆದ್ದುಕೊಟ್ಟು ಅಲ್ಲಿಂದಲೂ ಹೊರಟರು. ಗ್ಲಾಸ್ಗೊದ ಕ್ವೀನ್ಸ್ ಪಾರ್ಕ್ ಸೇರಿದರು. 1867ರಲ್ಲಿ ಹುಟ್ಟಿ, ದುಡ್ಡು ಮುಟ್ಟದೆ ಆಡುತ್ತೇವೆ ಎಂದು ಒಂದೂವರೆ ಶತಮಾನ ಹಠ ಹಿಡಿದು, 2019ರಲ್ಲಿ ಹಠ ಬಿಟ್ಟ ಕ್ಲಬ್ ಅದು. ಒಂದು ಸೀಸನ್ ಆದ ಮೇಲೆ ಅಲ್ಲೂ ರಾಜೀನಾಮೆ. 2023ರ ಜುಲೈನಲ್ಲಿ ಮತ್ತೆ ಚೆನ್ನೈ. ಬಂದವರನ್ನು ಬಾಳಿಸುವ ಊರು ಎಂಬ ಬಿರುದು ಚೆನ್ನೈಗೆ ಮೊದಲಿಂದಲೂ ಇದೆ. ಹೋದವರನ್ನೂ ಬಾಳಿಸುತ್ತದೆ ಎಂಬುದು ಆಗ ತಿಳಿಯಿತು. ಗೋವಾ ಎದುರಿನ 2020ರ ಆ ಸೆಮಿಫೈನಲ್ ನಡೆದದ್ದು ಫೆಬ್ರವರಿ 29ರಂದು. ಕ್ಯಾಲೆಂಡರಿನಲ್ಲಿ ಆ ತಾರೀಖು ಇನ್ನೊಮ್ಮೆ ಬರುವುದರೊಳಗೆ ಕೋಯ್ಲ್ ಅದೇ ಕುರ್ಚಿಯ ಮುಂದೆ ನಿಂತಿದ್ದರು. ಬರ್ನ್‌ಲಿಯಲ್ಲಿ ಇದನ್ನು ಊಹಿಸುವುದೂ ಕಷ್ಟ. ಆ ಸೀಸನ್ನಿನಲ್ಲಿ ಚೆನ್ನೈ ಆರನೇ ಸ್ಥಾನ ಹಿಡಿದು ಪ್ಲೇಆಫ್ ಆಡಿತು, ಮರುವರ್ಷ 13 ತಂಡಗಳಲ್ಲಿ 11ನೆಯದಾಯಿತು. 2025ರಲ್ಲಿ ಎರಡನೇ ವಿದಾಯ. ಈ ಸಲ ಯಾರೂ ಬೆಚ್ಚಿಬೀಳಲಿಲ್ಲ.

ಬೆಚ್ಚಿಬೀಳಿಸಿದ್ದು ಬೇರೆ ಸುದ್ದಿ. ಅದೇ ವರ್ಷದ ಜುಲೈನಲ್ಲಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಜೊತೆಗಿನ ಒಪ್ಪಂದ ಡಿಸೆಂಬರ್‌ಗೆ ಮುಗಿಯುತ್ತದೆ ಎಂಬ ಕಾರಣಕ್ಕೆ ಆಗ ಲೀಗ್ ನಡೆಸುತ್ತಿದ್ದ ಕಂಪನಿ ಮುಂದಿನ ಸೀಸನ್ನನ್ನೇ ತಡೆಹಿಡಿಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಕೋಚ್‌ಗಳು ಕೆಲಸ ಬಿಟ್ಟು ಓಡುವುದನ್ನು ಹನ್ನೊಂದು ವರ್ಷ ನೋಡಿದ್ದ ಗ್ಯಾಲರಿ, ಕೆಲಸವೇ ಎದ್ದು ಓಡಿದ್ದನ್ನು ನೋಡಿದ್ದು ಆಗಲೇ. ಅದನ್ನು ಜೂಡಾಸ್ ಎನ್ನಲು ಒಂದು ಮುಖವೂ ಸಿಗಲಿಲ್ಲ.

ಆದ್ದರಿಂದ ಸದರಿ ಕುರ್ಚಿಯು ಧೂಳು ಒರೆಸಿಕೊಂಡು, ಮುಂದಿನ ಆದೇಶದವರೆಗೆ ಸ್ವಸ್ಥಾನದಲ್ಲೇ ಇರುವಂತೆ ಈ ಮೂಲಕ ಕೋರಲಾಗಿದೆ.

ಇಂತಿ,
ಗ್ಯಾಲರಿಯ ಪರವಾಗಿ

ಅಡಕ: ಶಾಲು ಒಂದು, ಹಣ್ಣಿನ ಬುಟ್ಟಿ ಒಂದು. ಪೇಟವು ಬಾಡಿಗೆಯದಾದ್ದರಿಂದ ಫೋಟೊ ಆದ ಕೂಡಲೇ ಹಿಂದಿರುಗಿಸತಕ್ಕದ್ದು.